ವಾಸಂತಿಗೆ ನಾನು ಆರಿಸಿಕೊಟ್ಟ ಕಾಗದ

ವಾಸಂತಿ, ನಿನ್ನ ಫೋಟೋಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವುಗಳಿಗೆ ನಾನು ತಪ್ಪು ಕಾಗದ ಆರಿಸಿಕೊಟ್ಟೆ—ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಸರಿಯಾದ ಕಾಗದ ಯಾವುದೆಂದು ನನಗೆ ತಿಳಿದಿತ್ತು. ನಿಮ್ಮವ್ವನ ಒಂದು ಚಿತ್ರವನ್ನು ಅದರ ಮೇಲೆ ಪ್ರಿಂಟ್ ಹಾಕಿ ನೋಡಿಯೂ ಇದ್ದೆ. ಆಮೇಲೆ ನಿನಗೆ ಬೇರೆಯದನ್ನು ಕೊಟ್ಟೆ. ಇಷ್ಟು ಸಣ್ಣ ಮಾತನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾದವು.

ಎರಡು ಸಾವಿರದ ಐದೋ ಆರೋ ಇರಬೇಕು. ಮದರಾಸಿನ ಮೈಲಾಪೂರಿನಲ್ಲಿ, ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ ನನ್ನ ಪ್ರಿಂಟಿಂಗ್ ಅಂಗಡಿ ಆಗಷ್ಟೇ ಕಣ್ಣು ಬಿಟ್ಟಿತ್ತು. ಫಿಲ್ಮ್ ತೊಳೆಯುವ ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ನಾನು ದೊಡ್ಡ ಇಂಕ್‌ಜೆಟ್ ಯಂತ್ರ ತಂದು ಕೂರಿಸಿ, ಹೊರದೇಶದ ಕಾಗದಗಳ ಮಾದರಿ ತರಿಸಿ, ಯಾವ ಫೋಟೋಗೆ ಯಾವ ಕಾಗದ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಆ ವಿಷಯದಲ್ಲಿ ಸುತ್ತಮುತ್ತ ನನ್ನ ಮಾತೇ ಮಾತು. ಅದಕ್ಕೂ ಮುಂಚೆ ಬಹಳ ವರ್ಷ ಕ್ಯಾಮೆರಾ ಹೊತ್ತು ತಿರುಗಿದವನು ನಾನು—ಗೋಪುರ, ಸಮುದ್ರ, ಬೆಳಗಿನ ಹೂವಿನ ಅಂಗಡಿ. ಒಮ್ಮೆ ಪ್ರದರ್ಶನವನ್ನೂ ಇಟ್ಟಿದ್ದೆ. ಜನ ಬಂದರು, ಕಾಫಿ ಕುಡಿದರು, ಹೋದರು. ಯಾರೂ ಒಂದು ಚಿತ್ರದ ಮುಂದೆಯೂ ನಿಲ್ಲಲಿಲ್ಲ. ನಿಮ್ಮ ಗೋಪುರಗಳಿಗೆ ಅಟ್ಟದಲ್ಲಿ ಇನ್ನು ಜಾಗವಿಲ್ಲ ಎಂದು ಸುಶೀಲಾ, ನನ್ನ ಹೆಂಡತಿ, ತಮಾಷೆ ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ. ನಗದೆ ಇನ್ನೇನು ಮಾಡಲಿ?

ನೀನು ಇನ್ಶೂರೆನ್ಸ್ ಆಫೀಸು ಮುಗಿಸಿಕೊಂಡು ಬಂದಿದ್ದೆ. ಅಂಗಡಿಯಲ್ಲಿ ಕನ್ನಡ ಮಾತಾಡುತ್ತಾರೆಂದು ಯಾರೋ ಹೇಳಿದ್ದರಂತೆ. ಧಾರವಾಡದ ಕಡೆಯ ನಿನ್ನ ಮಾತು ನನ್ನ ಮೈಸೂರು-ಮದರಾಸು ಕಿವಿಗೆ ಖುಷಿ ಕೊಟ್ಟಿತು. ಬಂದ ಮೊದಲ ದಿನವೇ ನೀನು ನನ್ನನ್ನು ಅಣ್ಣಾರ ಎಂದೆ. ಚೀಲದಿಂದ ಒಂದು ಸಿ.ಡಿ. ತೆಗೆದು, ಕೊಡಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

"ನಮ್ಮವ್ವನ ಫೋಟೋ ಅವ್ರಿ. ಆಕಿ ಹೋಗಿ ಆರು ತಿಂಗಳಾತು. ನೀವು ನಗಬ್ಯಾಡ್ರಿ ಮತ್ತ."

ನಗು ಎಲ್ಲಿಂದ ಬರಬೇಕು? ನಿಮ್ಮವ್ವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆ ಕೈಗೆ ಒಂದಿಷ್ಟು ಜೀವ ಬಂದದ್ದೇ ತಡ, ಜೋಳದ ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದರಂತೆ. ಊರಿಂದ ರೈಲಿನಲ್ಲಿ ಬಂದ ಹಿಟ್ಟು, ಬಾಡಿಗೆ ಮನೆಯ ಇಕ್ಕಟ್ಟಾದ ಅಡುಗೆಮನೆ, ಒಂದೇ ಕಿಟಕಿಯ ಬೆಳಕು. ನೀನು ಗಂಡನ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತು ತೆಗೆದಿದ್ದೆ, ಎಲ್ಲವೂ ಕಪ್ಪು-ಬಿಳುಪು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದೆತ್ತಿ ಹಿಟ್ಟಿನ ಮೇಲೆ ಇಡುತ್ತಿರುವ ಅವ್ವ. ಅರ್ಧಕ್ಕೇ ಹರಿದ ರೊಟ್ಟಿ. ಕೆನ್ನೆಯ ಮೇಲೆ ಹಿಟ್ಟು. ಕೊನೆಯದರಲ್ಲಿ ಹೆಂಚಿನ ಮೇಲೆ ದುಂಡನೆಯ ರೊಟ್ಟಿ ಇದೆ. ಅವರು ರೊಟ್ಟಿಯನ್ನು ನೋಡುತ್ತಿಲ್ಲ, ತಮ್ಮ ಕೈಯನ್ನು ನೋಡಿಕೊಳ್ಳುತ್ತಿದ್ದಾರೆ.

ನಾನು ಇಷ್ಟು ವರ್ಷ ಹುಡುಕಿದ್ದು, ನನಗೆ ಒಮ್ಮೆಯೂ ಸಿಗದೇ ಇದ್ದದ್ದು—ಅದು ಅಲ್ಲಿತ್ತು. ಏನೂ ಕಲಿಯದ ನಿನ್ನ ಕೈಗೆ ಅದು ಸುಮ್ಮನೆ ಸಿಕ್ಕಿತ್ತು. ಆದರೂ ಬಾಯಲ್ಲಿ, "ಪರವಾಗಿಲ್ಲಮ್ಮ, ಚೆನ್ನಾಗಿದೆ," ಎಂದೆ.

ಬೆಸೆಂಟ್ ನಗರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಯೊಂದರ ಕೆಳಗಿನ ಹಾಲನ್ನು ನಿನ್ನ ಆಫೀಸಿನ ಗೆಳತಿ ಒಂದು ಭಾನುವಾರ ನಿನ್ನ ಪ್ರದರ್ಶನಕ್ಕೆ ಬಿಟ್ಟುಕೊಡುವುದಾಗಿ ಹೇಳಿದ್ದಳು. ನಾವಿಬ್ಬರೂ ಹೋಗಿ ನೋಡಿಯೂ ಬಂದೆವು. ಪೂರ್ವಕ್ಕೆ ಸಾಲು ಕಿಟಕಿ, ಬೆಳಗಿನ ಬಿಸಿಲು ನೇರ ಗೋಡೆಗೆ. ಫ್ರೇಮಿಗೆ ಗಾಜು ಬೇಡ, ಮಂದಿ ಹತ್ತಿರ ಬಂದು ನೋಡಬೇಕು ಎಂದು ನೀನು ಅಲ್ಲೇ ಹೇಳಿದೆ. ನೋಡು, ಇದೆಲ್ಲ ನನಗೆ ಗೊತ್ತಿತ್ತು. ಆ ಬೆಳಕು ಗೊತ್ತಿತ್ತು, ಗಾಜಿಲ್ಲದ್ದು ಗೊತ್ತಿತ್ತು. ಇಂಥ ಗೋಡೆಗೆ ಹೊಳಪಿನ ಕಾಗದ ಹಾಕಬಾರದೆಂದು ನಾನೇ ನೂರಾರು ಜನಕ್ಕೆ ಹೇಳಿದ್ದೆ.

ಮಾದರಿಗಳ ಆಲ್ಬಮ್ ಬಿಡಿಸಿ ನಿನ್ನ ಮುಂದಿಟ್ಟೆ. ಇಂಕು ಹಿಡಿಯುವ ಮೈ ಯಾವುದೆಂದು ತಿಳಿಯಲು ಬೆರಳು ಒದ್ದೆ ಮಾಡಿ ಮೂಲೆಯನ್ನು ಮುಟ್ಟಬೇಕು, ಅಂಟುವ ಕಡೆಯೇ ಸರಿಯಾದ ಕಡೆ ಎಂದು ತೋರಿಸಿಕೊಟ್ಟೆ. ನೀನು ಆಫೀಸಿನ ಫೈಲು ತಿರುಗಿಸುವ ಹಾಗೆ ಬೆರಳನ್ನು ನಾಲಿಗೆಗೆ ತಾಗಿಸಿ ಒಂದೊಂದನ್ನೇ ಮುಟ್ಟುತ್ತಾ ಹೋದೆ. ಹತ್ತಿಯಿಂದ ಮಾಡಿದ ಒಂದು ಕಾಗದವಿತ್ತು—ದಪ್ಪ, ಹೊಳಪಿಲ್ಲದ್ದು, ಬಿಳಿಯೆಂದರೆ ಅಚ್ಚ ಬಿಳಿಯಲ್ಲ, ಒಂದು ಚೂರು ಕೆನೆಬಣ್ಣ. ಅಲ್ಲಿ ನಿನ್ನ ಕೈ ನಿಂತಿತು.

"ಇದು ಹಿಟ್ಟಿನ ಕೈ ಮುಟ್ಟಿದಂಗ ಅದ ನೋಡ್ರಿ, ಅಣ್ಣಾರ."

ನನ್ನ ಪಾಠವೆಲ್ಲ ಮುಗಿಯುವ ಮೊದಲೇ ನೀನು ಸರಿಯಾದ್ದನ್ನು ಹಿಡಿದಿದ್ದೆ. ಟೆಸ್ಟ್ ಹಾಕಿ ನೋಡಿ ನಾಳೆ ಹೇಳುತ್ತೇನೆ ಎಂದು ನಿನ್ನನ್ನು ಕಳಿಸಿದೆ. ಕಳಿಸಿದ ಮೇಲೆ ಕೊನೆಯ ಆ ಚಿತ್ರವನ್ನು ಹತ್ತಿ ಕಾಗದದ ಮೇಲೆ ಪ್ರಿಂಟ್ ಹಾಕಿದೆ. ಹಿಟ್ಟು ಹಿಟ್ಟಿನ ಹಾಗೇ ಬಂತು. ಅಂಗೈಯ ಗೆರೆಗಳಲ್ಲಿ ಸಿಕ್ಕಿಕೊಂಡ ಹುಡಿ, ಕತ್ತಲೆಯ ಮೂಲೆಯಲ್ಲಿದ್ದ ಕೊಡ, ಇಳಕಲ್ ಸೀರೆಯ ಅಂಚು—ಎಲ್ಲವೂ ಮೆಲ್ಲಗೆ, ತಮ್ಮ ತಮ್ಮ ಜಾಗದಲ್ಲಿ ಇದ್ದವು. ನನ್ನ ಜೀವನದಲ್ಲಿ ನಾನು ತೆಗೆದ ಅತ್ಯುತ್ತಮ ಪ್ರಿಂಟು ಅದು.

ಆಗ ಸುಶೀಲಾ ಊಟದ ಡಬ್ಬಿ ತಂದಳು. ಮೇಜಿನ ಮೇಲಿದ್ದದ್ದನ್ನು ನೋಡಿ ಡಬ್ಬಿ ಇಡುವುದನ್ನೇ ಮರೆತು ನಿಂತಳು. ನನ್ನ ಪ್ರದರ್ಶನದಲ್ಲಿ ಯಾರೂ ನಿಲ್ಲದ ಹಾಗೆ ನಿಂತಳು.

"ಇದನ್ನ ಯಾರು ತೆಗೆದಿದ್ದು ರೀ? ನಿಮ್ದಲ್ಲ, ಅಲ್ವಾ?"

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಪಾಪ, ಚುಚ್ಚಬೇಕೆಂದು ಹೇಳಿದ ಮಾತಲ್ಲ. ಆದರೆ ಆ 'ಅಲ್ವಾ'—ಅವಳಿಗೆ ಅಷ್ಟು ಖಾತ್ರಿಯಿತ್ತು. ಅವಳು ಹೋದ ಮೇಲೆ ಪ್ರಿಂಟನ್ನು ಹರಿದೆ. ಹತ್ತಿ ಕಾಗದ ಸುಲಭಕ್ಕೆ ಹರಿಯುವುದಿಲ್ಲ. ಬಲ ಹಾಕಿ ಎಳೆಯಬೇಕಾಯಿತು. ಅಷ್ಟು ಹೊತ್ತು ಇತ್ತು, ಬೇಡವೆಂದು ನಿಲ್ಲಿಸಲು. ನಿಲ್ಲಿಸಲಿಲ್ಲ.

ಮರುದಿನ ನೀನು ಬಂದಾಗ ಗ್ಲಾಸಿ, ಅಂದರೆ ಹೊಳಪಿನ ಕಾಗದದ ಮೇಲೆ ಹಾಕಿದ ಸಣ್ಣ ಪ್ರಿಂಟೊಂದನ್ನು ನಿನ್ನ ಕೈಗೆ ಕೊಟ್ಟೆ. ಅಂಗೈಯಗಲದ್ದು, ಟ್ಯೂಬ್‌ಲೈಟಿನ ಕೆಳಗೆ ವಾರೆಯಾಗಿ ಹಿಡಿದರೆ ಚೆನ್ನಾಗೇ ಕಾಣುತ್ತದೆ, ಕಪ್ಪು ಇನ್ನಷ್ಟು ಕಪ್ಪಾಗಿ. ನೀನು ಹತ್ತಿ ಕಾಗದದ್ದನ್ನು ಕೇಳಿದೆ. ನಾನು ಹೇಳಿದೆ:

"ಅದರಲ್ಲಿ ನಿಮ್ಮಮ್ಮನ ಮುಖಕ್ಕೆ ಜೀವಾನೇ ಇರಲ್ಲಮ್ಮ. ಗ್ಲಾಸಿನೇ ಹಾಕೋಣ."

ಜೀವ ಎಂಬ ಮಾತನ್ನು ಬೇಕೆಂದೇ ಆಡಿದೆ. ತಾಯಿಯನ್ನು ಕಳೆದುಕೊಂಡವಳಿಗೆ ಆ ಮಾತು ಎಲ್ಲಿ ತಾಕುತ್ತದೆ ಎಂದು ಗೊತ್ತಿತ್ತು. ನಿನ್ನ ಮುಖ ಸಣ್ಣದಾಯಿತು. "ನಂಗ ಅದ ಚಲೋ ಅನಿಸಿತ್ತು... ಇರ್ಲಿ ಬಿಡ್ರಿ. ನೀವು ಹೇಳಿದ್ಮ್ಯಾಲ ಮುಗೀತು," ಎಂದೆ. ನಂಬಿಕೆ ಎಂದರೆ ಹಾಗೆ, ವಾಸಂತಿ. ನಿನ್ನ ಬೆರಳು ಹೇಳಿದ್ದನ್ನು ಬಿಟ್ಟು ನೀನು ನನ್ನ ಮಾತು ಹಿಡಿದೆ.

ಆ ಭಾನುವಾರವನ್ನು ನೀನು ಮರೆತಿರಲಾರೆ. ಕಿಟಕಿಗಳ ಬೆಳಕು ಒಂದೊಂದು ಚಿತ್ರದ ಮೇಲೂ ಬಿತ್ತು. ಬಂದವರು ನಿಮ್ಮವ್ವನ ಕೈ ನೋಡಲು ಹೋದರೆ ಅವರ ಮುಖವೇ ಅವರಿಗೆ ಕಾಣುತ್ತಿತ್ತು. ಎಡಕ್ಕೆ ಸರಿದರು, ಬಲಕ್ಕೆ ಬಾಗಿದರು, ಒಬ್ಬ ಹೆಂಗಸು ಕೂದಲನ್ನೂ ಸರಿ ಮಾಡಿಕೊಂಡಳು. ಉಪ್ಪುಗಾಳಿಗೆ ಕಾಗದ ಫ್ರೇಮಿನೊಳಗೇ ಉಬ್ಬಿ ಅಲೆಯಲೆಯಾಯಿತು. ಕಲಾಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಹಿರಿಯರೊಬ್ಬರನ್ನು ನಿನ್ನ ಗೆಳತಿ ಒತ್ತಾಯ ಮಾಡಿ ಕರೆತಂದಿದ್ದಳು. ಅವರ ಒಂದು ಮಾತಿಗಾಗಿ ನೀನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವರು ಒಂದು ಸುತ್ತು ಹಾಕಿ, ಕಣ್ಣು ಕಿರಿದು ಮಾಡಿ, "ಕಲ್ಯಾಣ ಆಲ್ಬಂ ಮಾದಿರಿ ಇರುಕ್ಕುಮ್ಮಾ," ಎಂದರು. ಮದುವೆ ಆಲ್ಬಮ್ಮಿನ ಹಾಗೆ! ಲಕ್ವ ಹೊಡೆದ ತಾಯಿಯ ಕೈ! ಅವರದೂ ತಪ್ಪಲ್ಲ, ಅವರಿಗೆ ಕಂಡದ್ದು ಹೊಳಪು ಮಾತ್ರ.

ಇನ್ನೊಂದನ್ನು ಹೇಳದಿದ್ದರೆ ಈ ತಪ್ಪೊಪ್ಪಿಗೆ ಅರ್ಧವಾಗುತ್ತದೆ. ಅವರು ಹಾಗೆಂದ ಗಳಿಗೆಯಲ್ಲಿ ನನಗೆ ದುಃಖವಾಗಲಿಲ್ಲ. ಹಾಯೆನಿಸಿತು. ಜನ ಕಾಫಿ ಕುಡಿದು ಹೊರಡುವುದನ್ನು ನೋಡುತ್ತಾ, ಸರಿ, ಇವಳೂ ನನ್ನಂತೆಯೇ ಆದಳು ಎಂದುಕೊಂಡೆ. ದುಃಖ ಬಂದದ್ದು ಆಮೇಲೆ, ಗೋಡೆಯಿಂದ ಚಿತ್ರಗಳನ್ನು ಇಳಿಸುತ್ತಾ ನೀನು ನನ್ನನ್ನೇ ಸಮಾಧಾನ ಮಾಡಿದಾಗ.

"ನೀವ್ಯಾಕ ಮುಖ ಸಣ್ಣ ಮಾಡ್ತೀರಿ, ಅಣ್ಣಾರ? ನಿಮ್ಮ ಕೆಲಸ ಚಲೋನ ಆಗೇದ. ನಂಗ ತೆಗೀಲಿಕ್ಕ ಬರೂದಿಲ್ಲ, ಅಷ್ಟ."

ಅಲ್ಲೇ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಹತ್ತಿ ಕಾಗದದಲ್ಲಿ ಮತ್ತೆ ಹಾಕೋಣ ಬಾ ಎಂದಿದ್ದರೂ ಸಾಕಿತ್ತು, ಕಾರಣ ಹೇಳದೆಯೇ... ನಾನು ಸುಮ್ಮನಿದ್ದೆ. ನೀನು ಕ್ಯಾಮೆರಾವನ್ನು ನಾದಿನಿಯ ಮಗನಿಗೆ ಕೊಟ್ಟುಬಿಟ್ಟೆ ಎಂದು ಸುಶೀಲಾ ಹೇಳಿದಳು. ಅವಳಿಗೆ ಬಹಳ ಬೇಜಾರಾಗಿತ್ತು. ಅವಳಿಗೂ ನಾನು ಏನೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ನೀವು ವೇಲಚೇರಿಯಲ್ಲಿ ಫ್ಲ್ಯಾಟು ಕೊಂಡಿರಿ, ಗೃಹಪ್ರವೇಶಕ್ಕೆ ಕರೆದಿರಿ. ಹಾಲಿನ ಗೋಡೆಯ ಮೇಲೆ ನಿಮ್ಮವ್ವ ಇದ್ದರು, ನನ್ನ ಅಂಗಡಿಯದೇ ಗ್ಲಾಸಿ ಪ್ರಿಂಟು, ಗಂಧದ ಹಾರ ಹಾಕಿಕೊಂಡು. ಟ್ಯೂಬ್‌ಲೈಟಿನ ಬಿಳಿ ಗೆರೆ ಅವರ ಅಂಗೈ ಮೇಲೆಯೇ ಬಿದ್ದಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಊಟಕ್ಕೆ ಕೂತೆ.

ನಿನ್ನ ಮಗಳು ಅನಘಾ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಎಲೆಗಳ ನಡುವೆ ಓಡಾಡುತ್ತಿದ್ದಳು. ಎಲ್ಲರೂ ಪೋಸು ಕೊಡುತ್ತಿದ್ದರೆ ಅವಳು ಬಡಿಸುವವರ ಪಾದ, ಎಲೆಯ ತುದಿಯ ಉಪ್ಪು, ಇಂಥವನ್ನೇ ತೆಗೆಯುತ್ತಿದ್ದಳು. ನನಗೆ ಒಂದೆರಡು ತೋರಿಸಿದಳು. ನೋಡಿದ ಕೂಡಲೇ ತಿಳಿಯಿತು. ಅಷ್ಟರಲ್ಲಿ ಅವಳು ನಿನ್ನ ಸೆರಗು ಹಿಡಿದು, "ಅಮ್ಮಾ, ಸಮ್ಮರ್‌ಲ ಫೋಟೋಗ್ರಫಿ ಕ್ಲಾಸ್ ಸೇರಟ್ಟುಮಾ?" ಎಂದಳು—ಸೇರಿಕೊಳ್ಳಲಾ ಎಂದು.

ನೀನು ಹೋಳಿಗೆಯ ತಟ್ಟೆ ಹಿಡಿದುಕೊಂಡೇ ನಕ್ಕೆ. "ಬ್ಯಾಡವಾ. ನಮ್ಮ ಮನ್ಯಾಗ ಅದು ಯಾರಿಗೂ ಬರೂದಿಲ್ಲ. ನಾ ಮಾಡಿ ನೋಡೇನಿ. ಬೇಕಾದ್ರ ಇವರನ್ನ ಕೇಳು, ಇವರಿಗೆ ಎಲ್ಲಾ ಗೊತ್ತದ." ಆಮೇಲೆ ನನ್ನ ಕಡೆ ತಿರುಗಿದೆ. "ಹೌದಲ್ರಿ, ಅಣ್ಣಾರ? ನೀವ ಹೇಳ್ರಿ ಆಕಿಗೆ."

ಅವಳು ನನ್ನನ್ನೇ ನೋಡುತ್ತಾ ನಿಂತಳು. ಸುಶೀಲಾ ನೋಡಿದಳು. ನಾನು ಬಾಯಲ್ಲಿದ್ದ ತುತ್ತು ನುಂಗಿ ಹೇಳಿದೆ:

"ಅಮ್ಮ ಹೇಳೋದು ಸರಿ ಮರಿ. ಓದಿನ ಕಡೆ ಗಮನ ಕೊಡು."

ಮೊದಲನೆಯದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರಾದರೂ ಇದೆ. ಇದಕ್ಕೆ ಏನು ಹೆಸರಿಡಲಿ? ಆ ಮಗುವಿನ ಮೇಲೆ ನನಗೆ ಯಾವ ಕಿಚ್ಚೂ ಇರಲಿಲ್ಲ. ಹಳೆಯ ಸುಳ್ಳು ಹೊರಬೀಳಬಾರದೆಂದು ಹೊಸದೊಂದನ್ನು ಹೇಳಿದೆ, ಅಷ್ಟೇ. ಅವಳು ಕ್ಯಾಮೆರಾ ಆಫ್ ಮಾಡಿ ಸೋಫಾದ ಮೇಲಿಟ್ಟು ಒಳಗೆ ಹೋದಳು. ನೀನು ನನಗೆ ಇನ್ನೊಂದು ಹೋಳಿಗೆ ಬಡಿಸಿ, ತುಪ್ಪ ಹಾಕಿದೆ. ನಾನು ತಿಂದೆ.

ಆ ಸಂಜೆ ಸುಶೀಲಾಗೆ ಎಲ್ಲವನ್ನೂ ಹೇಳಿದೆ. ಅವಳು, "ನನಗೆ ಯಾಕೆ ಹೇಳ್ತಿದೀರ? ಹೇಳಬೇಕಾದೋರು ವೇಲಚೇರಿಯಲ್ಲಿದಾರೆ," ಎಂದಳು. ಅದಾದ ಮೇಲೂ ತಿಂಗಳುಗಳು ಹೋದವು. ನಿಮ್ಮ ಬೀದಿಯ ತನಕ ಎರಡು ಸಲ ಬಂದು ತಿರುಗಿ ಹೋದೆ. ಬಾಯಿ ಕೈಕೊಡುತ್ತದೆಂದು ಗೊತ್ತಾಗಿ ಈಗ ಬರೆಯುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನನ್ನನ್ನೇ ಸಮಾಧಾನವೂ ಮಾಡುತ್ತೀಯ; ಅದು ನನಗೆ ಬೇಡ. ಈ ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಇದನ್ನು ಓದಿದ ಮೇಲೆ ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು. ತೆಗೆದರೆ, ಒಳಗೆ ಕೂರುವುದಿಲ್ಲ. ಅನಘಾಳನ್ನು ಕರೆಯುತ್ತೇನೆ. ಅಂದು ಅವಳು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಸುಳ್ಳು ಎಂದು ನಿನ್ನ ಎದುರಿಗೇ ಹೇಳುತ್ತೇನೆ. "ನಿಮ್ಮಮ್ಮನಿಗೆ ಬರುತ್ತಿತ್ತು ಮರಿ, ಬರದಿದ್ದದ್ದು ನನಗೆ."