ಒಬ್ಬರೇ ಇರುವ ಊರಿಗೆ ಬೀಗರು ಬಂದದ್ದು

ನಮ್ಮೂರು ಎಲ್ಲಿದೆ ಎಂದು ಕೇಳಿದರೆ ಎರಡು ಉತ್ತರ ಕೊಡಬೇಕಾಗುತ್ತದೆ. ರೋಣ ತಾಲೂಕಿನ ಹೊಳೆದಂಡೆಯಲ್ಲಿ ಒಂದಿದೆ. ಮಲಪ್ರಭೆ ಮನೆಯೊಳಗೇ ಬಂದ ವರ್ಷ ಬಿಟ್ಟುಬಂದದ್ದು. ಎರಡು ಮೈಲಿ ಮೇಲೆ, ಎರೆಹೊಲಗಳ ನಡುವಿನ ದಿಬ್ಬದಲ್ಲಿ ಇನ್ನೊಂದಿದೆ; ನಾವೆಲ್ಲ ಇರುವುದು ಅಲ್ಲಿ. ಹೆಸರು ಮಾತ್ರ ಎರಡಕ್ಕೂ ಒಂದೇ. ಹಳೆಯ ಊರಿನ ಜನಸಂಖ್ಯೆ ಒಂದು: ಗಾದಿ ಹೊಲಿಯುವ ಕಾಕಾ. ಹತ್ತಿ ಬಡಿಯಲು ಅಷ್ಟು ದೊಡ್ಡ ಜಾಗ ಮೇಲೆ ಸಿಗುವುದಿಲ್ಲವೆಂದು ಅವರು ಕೆಳಗೇ ಉಳಿದರು.

ನನ್ನನ್ನು ನೋಡಲು ಗಜೇಂದ್ರಗಡದಿಂದ ಗಂಡಿನವರು ಬರುವ ದಿನ ಫೋನಿನಲ್ಲಿ ದಾರಿ ಹೇಳಿದವರು ಅಪ್ಪ. "ದೊಡ್ಡ ಬೇವಿನ ಗಿಡದ ಹಂತ್ಯಾಕ ಹೊಳಿ ಕಡೆ ಹೊಳ್ಳರಿ, ಸೀದಾ ಊರಾಗ ಬರ್ತೀರಿ" ಎಂದರು. ಅರವತ್ತು ವರ್ಷದ ರೂಢಿ, ಬಾಯಿ ತಾನೇ ಹೇಳಿಬಿಟ್ಟಿತ್ತು.

ಅಲ್ಲಿಯವರೆಗೆ ಬಂದ ವರಗಳಿಗೆಲ್ಲ ಮೂಗು ಮುರಿದವಳು ನಾನು. ಈ ಒಬ್ಬನ ಫೋಟೋವನ್ನು ಮಾತ್ರ ಹಿಟ್ಟಿನ ಡಬ್ಬಿಯ ಹಿಂದಿಟ್ಟು, ರೊಟ್ಟಿ ಬಡಿಯುವಾಗಲೆಲ್ಲ ನೋಡುತ್ತಿದ್ದೆ. ಅವರೋ ಅಂದೇ ಅಬ್ಬಿಗೇರಿಯಲ್ಲಿ ಇನ್ನೊಂದು ಹೆಣ್ಣು ನೋಡುವವರಿದ್ದರು. ಹನ್ನೊಂದು ಗಂಟೆಯಾದರೂ ಸುಳಿವಿಲ್ಲ. ಆಗ ಕಾಕಾನ ಫೋನು ಬಂತು.

"ನಿಮ್ಮ ಬೀಗರು ನನ್ನ ಗಾದಿ ಮ್ಯಾಲೆ ಕುಂತಾರ. ಬೆಲ್ಲ ನೀರು ಕೊಟ್ಟೀನಿ. ಊರಾಗ ಎಷ್ಟ ಮಂದಿ ಅದೀರಿ ಅಂತ ಕೇಳಿದ್ರು, ನಾ ಒಬ್ಬನ ಅಂದೆ. ಹುಡುಗನ ಅವ್ವ ಎದ್ದ ನಿಂತಾರ. ಲಗೂ ಬರ್ರಿ."

ಮುಂದೆ ಆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಅಪ್ಪ ಟ್ರ್ಯಾಕ್ಟರ್ ಹೊರಗೆ ತೆಗೆದರು. ಅವ್ವ ಉಪ್ಪಿಟ್ಟಿನ ಬೋಗುಣಿ ಮಡಿಲಲ್ಲಿಟ್ಟುಕೊಂಡು ಟ್ರೇಲರ್ ಹತ್ತಿದಳು. ಓಣಿಯವರು ಕರೆಯದೆಯೇ ಹತ್ತಿದರು, ಜಾಗ ಸಾಲದವರು ಬೈಕು ಸೈಕಲ್ಲು ಹಿಡಿದು ಹಿಂದೆ ಬಂದರು. ನಾನು ಇಳಕಲ್ ಸೀರೆಯ ಸೆರಗು ಹಲ್ಲಲ್ಲಿ ಕಚ್ಚಿ, ಸರಳು ಹಿಡಿದು ನಿಂತಿದ್ದೆ. ಅವರು ಎದ್ದು ಹೋಗಿಬಿಟ್ಟರೆ ಎಂಬ ಭಯ, ಅಪ್ಪನ ಮೇಲೆ ಸಿಟ್ಟು, ತಡೆಯಲಾರದ ನಗು, ಎಲ್ಲ ಒಟ್ಟಿಗೆ.

"ಯಪ್ಪಾ, ದಾರಿ ಹ್ಯಾಂಗ ಹೇಳಿದಿ ನೀ?" ಎಂದು ಕೂಗಿದೆ.

"ಸರಿಯಾಗೇ ಹೇಳೀನಿ ಯವ್ವಾ. ಊರು ಅಲ್ಲೇ ಐತಲಾ" ಎನ್ನಬೇಕೆ ಅವರು.

ಕೆಳಗೆ ಕಾಕಾ ಹೊಸ ಗಾದಿಗಳನ್ನೆಲ್ಲ ಬಯಲಿಗೆ ಹಾಸಿದ್ದರು. ಹುಡುಗನ ಅವ್ವನ ತಲೆತುಂಬ ಹತ್ತಿ. ಟ್ರೇಲರಿನಿಂದ ಇಳಿಯುತ್ತಲೇ ಇದ್ದ ಮಂದಿಯನ್ನು ನೋಡಿ ಆಕೆ, "ಒಬ್ಬನ ಅಂದಿದ್ರೆಲ್ರಿ?" ಎಂದರು.

"ಆವಾಗ ಒಬ್ಬನ ಇದ್ದೆರಿ" ಎಂದರು ಕಾಕಾ. ಆಕೆ ನಕ್ಕು ಮತ್ತೆ ಕುಳಿತರು.

ಉಪ್ಪಿಟ್ಟು ಊರಿಗೆಲ್ಲ ಹಂಚಿದ್ದಾಯಿತು. ಹುಡುಗ ಮೆಲ್ಲಗೆ ಕೇಳಿದ: "ನಿಮ್ಮ ಮನಿ ಯಾವುದ್ರಿ?"

ಬೊಟ್ಟು ಮಾಡಿ ತೋರಿಸಿದೆ. ನಾಲ್ಕು ಗೋಡೆ, ಮೇಲೆ ಆಕಾಶ, ಅಡುಗೆಮನೆಯಲ್ಲಿ ಜಾಲಿಗಿಡ. ಆತ ಅಲ್ಲಿಗೆ ಹೋಗಿ, ಹೊಸ್ತಿಲ ಹೊರಗೆ ನಿಂತು, ಬಗ್ಗಿ ಬೂಟು ಬಿಚ್ಚತೊಡಗಿದ.

"ಮುಳ್ಳು ಅದಾವ್ರಿ" ಎಂದೆ.

"ಮನಿ ಅಲ್ಲೇನ್ರಿ" ಎಂದು ಬರಿಗಾಲಲ್ಲಿ ಒಳಗೆ ಹೋದ.

ಅವರ ಅವ್ವ ಹೂಂ ಅಂದದ್ದು ಆಮೇಲೆ. ಮೊದಲು ಅಂದವಳು ನಾನು.