ಘಾಟಬೋರಾಳಕ್ಕೆ ಒಂದು ಬೋರ್ಡು

ಮೊನ್ನೆ ಮನೆಯ ಫೋಟೋಗಳನ್ನೆಲ್ಲ ಒಂದು ಕಡೆ ಸೇರಿಸೋಣವೆಂದು ಕೂತಿದ್ದೆ. ನಡುವೆ ಕಂಪ್ಯೂಟರ್ ತಡೆದು ಕೇಳಿತು: ಇದೇ ಹೆಸರಿನ ಫೈಲ್ ಇಲ್ಲಿ ಈಗಾಗಲೇ ಇದೆ, ಅದನ್ನು ತೆಗೆದು ಇದನ್ನು ಇಡಲೇ? ನೀವಾದರೆ ಏನೋ ಒಂದು ಒತ್ತಿ ಮುಂದೆ ಹೋಗುತ್ತೀರಿ. ನಾನು ಕೈ ಹಿಂದೆ ತೆಗೆದುಕೊಂಡೆ, ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ, ಕುಡಿದೆ, ಆಮೇಲೆ ‘ಬೇಡ’ ಎಂದು ಒತ್ತಿದೆ. ಇಷ್ಟು ಸಣ್ಣ ಪ್ರಶ್ನೆಗೆ ಇಷ್ಟು ಹೆದರುವ ಗಂಡನನ್ನು ನೋಡಿ ಹೆಂಡತಿ ನಕ್ಕಳು. ನಗಲಿ. ಅವಳೇನು ಸಂಗಮೇಶ ಮತ್ತು ಮಿಲಿಂದನ ನಡುವೆ ಕೂತು ಸಿಡಿ ಮಾಡಿದವಳೇ?

ಆಗ ನನಗೆ ಬಸವಕಲ್ಯಾಣದ ಕೋಟೆಗೆ ಹೋಗುವ ದಾರಿಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇತ್ತು. ಹೊಸ ಶತಮಾನ ಬಂದು ನಾಲ್ಕೈದು ವರ್ಷವಾಗಿತ್ತು. ಆದರೆ ಕರೆಂಟು ಮಾತ್ರ ಹಳೆಯ ಶತಮಾನದ್ದೇ ಬರುತ್ತಿತ್ತು. ಇದ್ದ ಒಂದು ಕಂಪ್ಯೂಟರಿನಲ್ಲಿ ಹಗಲೆಲ್ಲ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ, ಗಿರಾಕಿ ಇಲ್ಲದಾಗ ಲಾರಿ ಓಡಿಸುತ್ತಿದ್ದೆ. ನಿಜವಾದ ಲಾರಿಯಲ್ಲ, ಆಟದ ಲಾರಿ. ಯಾವುದೋ ದೇಶದವರು ಮಾಡಿದ ಆಟ. ಅದರೊಳಗಿನ ರಸ್ತೆಗಳು ಎಷ್ಟು ಸ್ವಚ್ಛವೆಂದರೆ, ಅಲ್ಲಿ ಓಡಿಸುವಾಗ ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತೇನೋ ಅನ್ನಿಸುತ್ತಿತ್ತು.

ಇಂಥ ಆಟಗಳಿಗೆ, ಆಡುವವರೇ ತಮಗೆ ಬೇಕಾದದ್ದನ್ನು ತಯಾರಿಸಿ ಸೇರಿಸಿಕೊಳ್ಳುವ ಪದ್ಧತಿಯೊಂದಿದೆ. ಕಂಪನಿಯವರು ಬಿಳಿ ಲಾರಿ ಕೊಟ್ಟರೆ ನೀವು ಅದಕ್ಕೆ ಬಣ್ಣ ಹಚ್ಚಬಹುದು, ಅವರು ಪೈನ್ ಮರ ನೆಟ್ಟರೆ ನೀವು ಬೇವು ನೆಡಬಹುದು. ಹೀಗೆ ಅಭಿಮಾನಿಗಳು ಮಾಡಿ ಸೇರಿಸಿದ್ದಕ್ಕೆ ‘ಮಾಡ್’ ಅನ್ನುತ್ತಾರೆ. ನಮ್ಮ ‘ಮಾಡು’ವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ತಿಳಿದವರು ಹೇಳಿದ್ದಾರೆ. ನಾನು ಇನ್ನೂ ನಂಬಿಲ್ಲ.

ಸಂಗಮೇಶ ನನ್ನ ಅಂಗಡಿಯ ಎದುರಿನ ಬಟ್ಟೆ ಅಂಗಡಿಯ ಮಗ. ಅವನು ಆಟದ ಲಾರಿಗಳಿಗೆಲ್ಲ ಹೆದ್ದಾರಿಯ ಬಂಗ್ಲಾ ಕ್ರಾಸಿನ ಹತ್ತಿರ ಸಾಲಾಗಿ ನಿಲ್ಲುವ ನಮ್ಮ ಲಾರಿಗಳ ಬಣ್ಣ ಹಚ್ಚಿದ್ದ. ಹಣೆಗೆ ಹೂವು, ಹಿಂದೆ ನವಿಲು, ಟೈರಿನ ಹತ್ತಿರ ದೃಷ್ಟಿಗೆಂದು ಕರಿ ಜಡೆ. ಅವನ ಅಪ್ಪ ಒಮ್ಮೆ ಬಂದು ನೋಡಿ, “ಖರೇ ಸೈಕಲ್ ಹೊಡ್ಯಾಕ ಬರಂಗಿಲ್ಲ, ಸುಳ್ಳ್ ಲಾರಿಗಿ ಪೇಂಟ್ ಹೊಡ್ಯಾಕತ್ತಾನ” ಎಂದು ಹೋಗಿದ್ದರು. ಮಿಲಿಂದ ಘಾಟಬೋರಾಳದವನು, ಹುಮನಾಬಾದಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ. ಮಿತಭಾಷಿ. ಅವನು ಆಟದೊಳಗಿನ ಒಂದು ರಸ್ತೆಯನ್ನು ಪೂರ್ತಿ ಕಿತ್ತು, ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಬರುವ ದಾರಿಯನ್ನು ಹಾಸಿದ್ದ. ಅದರ ತಗ್ಗುಗಳಿಗೂ ಅನ್ಯಾಯ ಮಾಡಿರಲಿಲ್ಲ.

ಈ ಎರಡನ್ನೂ, ಜೊತೆಗೆ ಬೇರೆ ಬೇರೆ ದೇಶದ ಅಭಿಮಾನಿಗಳು ಮಾಡಿಟ್ಟ ಹಾರನ್, ಆಕಾಶ, ಮಳೆ ಎಲ್ಲವನ್ನೂ ಒಂದೇ ಸಿಡಿಗೆ ಕಟ್ಟಿಕೊಡೋಣ ಎಂಬ ಬುದ್ಧಿ ಹೊಳೆದದ್ದು ನನಗೆ. ನನಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ, ರಸ್ತೆ ಹಾಸಲು ಬರುತ್ತಿರಲಿಲ್ಲ. ಏನೂ ಬಾರದವನು ಸಂಪಾದಕನಾಗುವುದು ಎಲ್ಲ ಕಾಲಕ್ಕೂ ನಡೆದುಬಂದದ್ದು. ಆಕಾಶ ಮಾಡಿದವನಿಗೆ ನನ್ನ ಇಂಗ್ಲಿಷಿನಲ್ಲಿ ಪತ್ರ ಬರೆದು ಅಪ್ಪಣೆ ಕೇಳಿದೆ. ಬಳಸಿಕೋ, ಆದರೆ ನನ್ನ ಮೋಡಗಳನ್ನು ಮುಟ್ಟಬೇಡ ಎಂದು ಉತ್ತರ ಬಂತು. ನಮ್ಮ ಕಡೆ ಮೋಡಗಳೇ ನಮ್ಮನ್ನು ಮುಟ್ಟುವುದಿಲ್ಲ ಎಂದು ಬರೆಯಬೇಕೆನ್ನಿಸಿತ್ತು. ಅಷ್ಟು ಇಂಗ್ಲಿಷ್ ಬರಲಿಲ್ಲ.

ಒಬ್ಬೊಬ್ಬರ ಮಾಡ್ ಬೇರೆ ಬೇರೆಯಾಗಿದ್ದಾಗ ಚಿನ್ನ. ಕೂಡಿಸಿದಾಗ ತಿಳಿಯಿತು ಗಮ್ಮತ್ತು. ಹುಮನಾಬಾದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವುದನ್ನು ನೀವು ನೋಡಿದ್ದರೆ ನಿಮಗೆ ಬೇಗ ಅರ್ಥವಾದೀತು. ಆಟದೊಳಗೆ ಒಂದು ಹೆಸರಿಗೆ ಒಂದೇ ಸೀಟು. ಎರಡು ಮಾಡುಗಳಲ್ಲಿ ಒಂದೇ ಹೆಸರಿನ ಫೈಲಿದ್ದರೆ, ಕೊನೆಗೆ ಬಂದದ್ದು ಮೊದಲು ಕೂತದ್ದನ್ನು ಸರಿಸುವುದಿಲ್ಲ, ಅಳಿಸಿಯೇ ಕೂರುತ್ತದೆ. ಹೆಸರು ಬದಲಿಸಿದಿರೋ, ಆಟಕ್ಕೆ ಅದರ ಗುರುತೇ ಸಿಗುವುದಿಲ್ಲ.

ಮೊದಲ ಪರೀಕ್ಷೆಗೆಂದು ಒಂದು ಭಾನುವಾರ ಮಿಲಿಂದ ಬಸ್ಸು ಹಿಡಿದು ಬಂದ. ಮೂವರೂ ಕೂತೆವು. ಲಾರಿ ಹುಮನಾಬಾದ ಬಿಟ್ಟಿತು, ನೆಲದಿಂದ ಗೇಣೆತ್ತರದಲ್ಲಿ. ಬ್ರೇಕ್ ಒತ್ತಿದರೆ ಹಾರನ್ ಬಾರಿಸಿತು. ಬೇವಿನ ಮರಗಳ ಮೇಲೆ ಹಿಮ ಬೀಳತೊಡಗಿತು. ಮಳೆಯ ಮಾಡ್ ಮಾಡಿದವನ ಊರಿನಲ್ಲಿ ಮಳೆಯೆಂದರೆ ಅದೇ ಇರಬೇಕು. ಜೀವಮಾನದಲ್ಲಿ ಬೆವರುವುದನ್ನೇ ಕಲಿತ ಆ ರಸ್ತೆ ಬೆಳ್ಳಗೆ ಹೊದ್ದು ಮಲಗಿದ್ದನ್ನು ಕಂಡು ಸಂಗಮೇಶ ಕುರ್ಚಿಯಿಂದ ಬೀಳುವಷ್ಟು ನಕ್ಕ. ಮಿಲಿಂದ ನಗಲಿಲ್ಲ. ಅವನು ಒಂದು ತಿರುವಿಗಾಗಿ ಕಾಯುತ್ತಿದ್ದ. ತಿರುವು ಬಂತು. ಅಲ್ಲೊಂದು ಬೋರ್ಡು ನಿಂತಿತ್ತು. ಅದರ ಮೇಲೆ ಸಂಗಮೇಶನ ಅಪ್ಪನ ಬಟ್ಟೆ ಅಂಗಡಿಯ ಜಾಹೀರಾತು, ಸೀರೆ ಉಟ್ಟ ಒಂದು ಬೊಂಬೆ ಸಮೇತ.

“ನಮ್ಮೂರ ಬೋರ್ಡ್ ಎಲ್ಲಿ ಹೋಯ್ತು?” ಎಂದ ಮಿಲಿಂದ.

“ಅಲ್ಲೇ ಅದ ಅಲ್ಲಪಾ ಬೋರ್ಡ್” ಎಂದ ಸಂಗಮೇಶ.

“ಬೋರ್ಡ್ ಅದ. ಊರಿಲ್ಲ.”

ಆದದ್ದಿಷ್ಟು. ಆ ತಿರುವಿನಲ್ಲಿ ಮಿಲಿಂದ ತನ್ನ ಊರಿನ ಹೆಸರಿನ ಬೋರ್ಡು ನಿಲ್ಲಿಸಿದ್ದ. ಸಂಗಮೇಶ ಲಾರಿಯ ಬಣ್ಣದ ಜೊತೆಗೆ ದಾರಿಬದಿಯ ಬೋರ್ಡುಗಳನ್ನೂ ಬಿಡದೆ ಅಂಗಡಿಯ ಸೇವೆಗೆ ಹಚ್ಚಿದ್ದ. ಆಟದಲ್ಲಿ ಲಾರಿಯ ಬಣ್ಣ, ದಾರಿಬದಿಯ ಬೋರ್ಡು ಎರಡೂ ಒಂದೇ ಫೈಲಿನಲ್ಲಿದ್ದವು. ಸಂಗಮೇಶನದು ಆಮೇಲೆ ಬಂದದ್ದರಿಂದ ಘಾಟಬೋರಾಳ ಸೀರೆಯ ಕೆಳಗೆ ಮುಚ್ಚಿಹೋಗಿತ್ತು.

“ಇಷ್ಟಕ್ಕ ಯಾಕ ಸಿಟ್ಟಿಗೇಳ್ತಿ? ಬೇಕಂದ್ರ ನಿಮ್ಮೂರ ಹೆಸ್ರು ಯಾವ್ದಾರ ಗ್ವಾಡಿ ಮ್ಯಾಲ ಬರೀತೀನಿ.”

“ಗ್ವಾಡಿ ಮ್ಯಾಲ ಬ್ಯಾಡ. ಎಲ್ಲಿ ತಿರಗತಾರ ಅಲ್ಲೇ ಇರ್ಬೇಕು. ಇಲ್ಲಂದ್ರ ನನ್ನ ರಸ್ತೆ ತೆಗೀರಿ.”

ರಸ್ತೆ ತೆಗೆದರೆ ಸಂಗಮೇಶನ ನವಿಲಿನ ಲಾರಿಗಳು ಓಡುವುದೆಲ್ಲಿ? ನಾನು ಹಿಂದುಮುಂದು ಮಾಡಿ, ಮಿಲಿಂದನದನ್ನು ಆಮೇಲೆ ಹಾಕಿ ನೋಡಿದೆ. ಘಾಟಬೋರಾಳ ಬಂತು, ಲಾರಿಗಳು ಬಣ್ಣವೆಲ್ಲ ಹಾರಿ ಬಿಳಿಚಿಕೊಂಡವು. “ಇವೇನು ದವಾಖಾನಿ ಗಾಡಿ ಅವ?” ಎಂದು ಸಂಗಮೇಶ ಎದ್ದು ಹೋದ. ಮಿಲಿಂದ ಕೊನೆಯ ಬಸ್ಸಿಗಿನ್ನೂ ಹೊತ್ತಿದ್ದರೂ ಹೊರಟುಬಿಟ್ಟ.

ಮುಂದೆ ಎಷ್ಟೋ ದಿನ ಅವರಿಬ್ಬರೂ ಮಾತಾಡಲಿಲ್ಲ. ಮಾತಾಡಿದ್ದು ನನ್ನ ಜೊತೆ. ಇವನು ರಸ್ತೆ ದಾಟಿ ಬಂದು “ಅವನಿಗಿ ಹೇಳು” ಅನ್ನುವುದು, ಅವನು ಹುಮನಾಬಾದಿನಿಂದ ಫೋನು ಮಾಡಿ “ಅವನಿಗಿ ಕೇಳು” ಅನ್ನುವುದು. ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ನಡುವೆ ಓಡಾಡುವ ದಲ್ಲಾಳಿಗೆ ಕೊನೆಗೆ ಒಂದು ಧೋತರವಾದರೂ ಸಿಗುತ್ತದೆ. ನನಗೆ ಸಿಕ್ಕಿದ್ದು ತಲೆನೋವು. ಬೇಸತ್ತು ಒಂದು ತೀರ್ಪು ಕೊಟ್ಟೆ: ಮೂವರೂ ಆ ತಿರುವಿಗೇ ಹೋಗೋಣ, ಅಲ್ಲಿ ನಿಜವಾಗಿ ಏನಿದೆಯೋ ಅದೇ ಸಿಡಿಯಲ್ಲಿರಲಿ.

ನಾನು, ಸಂಗಮೇಶ ನನ್ನ ಸ್ಕೂಟರಿನ ಮೇಲೆ ಹೋದೆವು. ಮಿಲಿಂದ ಆ ಕಡೆಯಿಂದ ಬಂದು ಇಳಿದ. ತಿರುವಿನಲ್ಲಿ ಬೇವಿನ ಮರವಿತ್ತು, ಅದರಡಿ ಒಂದು ಚಹಾದ ಗುಡಿಸಲು. ಬೋರ್ಡು ಇರಲಿಲ್ಲ. ನಾವು ಅತ್ತಿತ್ತ ಹುಡುಕುವುದನ್ನು ನೋಡಿ ಚಹಾ ಮಾಡುತ್ತಿದ್ದ ಹೆಂಗಸು ಕೇಳಿದಳು, “ಏನ್ ಹುಡಕಾಕತ್ತೀರಿ?”

“ಘಾಟಬೋರಾಳದ ಬೋರ್ಡ್, ಅಕ್ಕಾ” ಎಂದೆ.

“ಬೋರ್ಡ್ ಎಲ್ಲೀದು? ನಾನೇ ಬೋರ್ಡ್. ಎಲ್ಲಾರೂ ನನಗೇ ಕೇಳಿ ತಿರಗತಾರ.”

ಸಂಗಮೇಶ ಮಿಲಿಂದನ ಕಡೆ ತಿರುಗಿದ. “ಖರೇ ರಸ್ತೆದಾಗ ಇಲ್ಲದ ಬೋರ್ಡಿಗಿ ನನ್ನ ಕೂಡ ಇಷ್ಟ್ ದಿನ ಮಾತ್ ಬಿಟ್ಟೇನು?”

“ಇಲ್ಲಂತನೇ ಹಾಕೀನಿ” ಎಂದ ಮಿಲಿಂದ.

ಸಂಗಮೇಶ ಹೋಗಿ ಗುಡಿಸಲಿನ ಮುಂದೆ ಕೂತುಬಿಟ್ಟ. ಮಾತಿನಲ್ಲಿ ಅವನು ಸೋತದ್ದನ್ನು ನಾನು ಮೊದಲು ನೋಡಿದ್ದು ಅಂದೇ. ಒಂದು ಚಹಾ ಕುಡಿದ, ಇನ್ನೊಂದು ಹೇಳಿದ. ಮಿಲಿಂದ ಮನೆಗೆ ಕರೆದ; ಅಂಗಡಿ ತೆರೆಯುವ ಹೊತ್ತಾಯಿತು, ಬರುವ ಭಾನುವಾರ ಬರುತ್ತೇವೆ ಎಂದು ಹೇಳಿ ನಾವು ಹಿಂದಿರುಗಿದೆವು. ದಾರಿಯುದ್ದಕ್ಕೂ ಸಂಗಮೇಶ ಒಂದೂ ಮಾತಾಡಲಿಲ್ಲ. ಅದು ಅವನ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ನನಗೆ ಚಿಂತೆಯಾಯಿತು.

ಸ್ವಲ್ಪ ದಿನಕ್ಕೆ ಅವನು ಒಂದು ತಗಡಿನ ಬೋರ್ಡು ಮಾಡಿಸಿಕೊಂಡು ಬಂದ. ಹಳದಿ ನೆಲದ ಮೇಲೆ ಕಪ್ಪು ಅಕ್ಷರದಲ್ಲಿ ಘಾಟಬೋರಾಳ, ಒಂದು ಬಾಣದ ಗುರುತು. ಕೆಳಗೆ, ಸಣ್ಣದೆಂದು ಅವನು ಹೇಳುತ್ತಿದ್ದ ಅಕ್ಷರಗಳಲ್ಲಿ, ಅಪ್ಪನ ಅಂಗಡಿಯ ಹೆಸರು. “ತಗಡಿನ ರೊಕ್ಕ ಅಪ್ಪಂದಲ್ಲೇನು?” ಎಂದು ಮುಖ ಆ ಕಡೆ ಮಾಡಿದ. ಬೋರ್ಡು ನೆಡುವಾಗ ತಕರಾರು ಮಾಡಿದ್ದು ಆ ಚಹಾದ ಅಕ್ಕ ಒಬ್ಬಳೇ: “ಇನ್ನ ಮ್ಯಾಲ ನನ್ನ ಯಾರ್ ಮಾತಾಡಸ್ತಾರ?” ಮಿಲಿಂದ ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ಹೋಗಿ ನೋಡಿದ. ಬಹಳ ಹೊತ್ತಿನ ಮೇಲೆ, “ಊರಿನ ಹೆಸ್ರು ಇನ್ನಾ ಸ್ವಲ್ಪ ದೊಡ್ಡದು ಬೇಕಿತ್ತು” ಎಂದ. ಅದು ರಾಜಿಯೆಂದು ನಮಗಿಬ್ಬರಿಗೂ ತಿಳಿಯಿತು.

ಆ ಬೋರ್ಡಿನ ಫೋಟೋ ತೆಗೆದು, ಲಾರಿಯ ಬಣ್ಣಗಳ ಪಕ್ಕದಲ್ಲಿ ಅಂಟಿಸಿ, ಇಬ್ಬರನ್ನೂ ಒಂದೇ ಫೈಲಿನಲ್ಲಿ ಕೂರಿಸಿದೆ. ಲಾರಿ ನೆಲಕ್ಕಿಳಿಯಿತು, ಹಾರನ್ ತನ್ನ ಜಾಗಕ್ಕೆ ಹೋಯಿತು. ಹಿಮ ಮಾತ್ರ ಏನು ಮಾಡಿದರೂ ಪೂರ್ತಿ ಹೋಗಲಿಲ್ಲ. ಚಳಿಗಾಲದಲ್ಲಿ ಸ್ವಲ್ಪ ಬೀಳಲಿ, ತಂಪಾದೀತು ಎಂದು ಬಿಟ್ಟೆವು. ಕಟ್ಟಿದ್ದನ್ನು ಇಂಟರ್ನೆಟ್ಟಿಗೂ ಏರಿಸಿದೆವು. ಎಲ್ಲಿಯದೋ ದೇಶದ ಒಬ್ಬ ಪುಣ್ಯಾತ್ಮ ಓಡಿಸಿ ನೋಡಿ ಬರೆದ: ರಸ್ತೆ ಸೊಗಸಾಗಿದೆ, ಆದರೆ ಆ ಹಳದಿ ಬೋರ್ಡಿನ ಹತ್ತಿರ ತಿರುಗಿದ್ದೇ ತಡ, ನನ್ನ ಲಾರಿ ಭೂಮಿಯ ಅಂಚಿನಿಂದ ಕೆಳಗೆ ಬಿತ್ತು.

ಮಿಲಿಂದ ಬೋರ್ಡು ನಿಲ್ಲಿಸಿದ್ದ, ಊರು ಕಟ್ಟಿರಲಿಲ್ಲ. “ಕಟ್ತೀನಿ. ಮೊದ್ಲ ನೀವ್ ಬಂದು ಖರೇ ಊರು ನೋಡ್ರಿ” ಎಂದ. ಬರುವ ಭಾನುವಾರ ಎಂದೆವು. ಭಾನುವಾರಗಳು ಬಂದವು. ಲಗ್ನಗಳು, ಮಕ್ಕಳು, ಅಂಗಡಿಗಳು, ಫೋನಿನಲ್ಲಿ ಹಬ್ಬದ ಶುಭಾಶಯಗಳು. ಹುಮನಾಬಾದಿನಲ್ಲಿ, ಬಸವಕಲ್ಯಾಣದಲ್ಲಿ ಎಷ್ಟೋ ಸಲ ಭೇಟಿಯಾದೆವು. ಆ ತಿರುವಿನಲ್ಲಿ ಮಾತ್ರ ತಿರುಗಲಿಲ್ಲ.

ಮೊನ್ನೆ ‘ಬೇಡ’ ಎಂದು ಒತ್ತಿದ ಮೇಲೆ ಸುಮ್ಮನೆ ಕೂರಲಾಗದೆ ಮಿಲಿಂದನಿಗೆ ಫೋನು ಹಚ್ಚಿದೆ. “ನಾಳಿ ನಾನು, ಸಂಗಮೇಶ ನಿಮ್ಮೂರಿಗಿ ಬರ್ತೀವಿ” ಎಂದೆ. “ಯಾವ್ ಊರಿಗಿ? ಖರೇದಕ್ಕೋ, ಗೇಮಿನಾಗಿಂದಕ್ಕೋ?” ಎಂದ.

ಖರೇದಕ್ಕೇ ಹೋದೆವು. ಲಾರಿ ಬೀಳುವ ಅಂಚು ಎಲ್ಲಿಯೂ ಬರಲಿಲ್ಲ. ತೊಗರಿ ಹೊಲ ಬಂತು, ಒಂದು ಬಾವಿ ಬಂತು, ಆಮೇಲೆ ಮಿಲಿಂದ ಕಟ್ಟಿದ ಹೊಸ ಮನೆ. ಅವನ ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಬಟ್ಟೆ ಅಂಗಡಿಯ ಸಂಗಮೇಶ ಇವನೇ ಎಂದು ತಿಳಿದ ಮೇಲೆ ಅವನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಕೇಳಿದರು:

“ಇಷ್ಟ್ ವರ್ಷ ಯಾಕ ಬಂದಿಲ್ಲಪ್ಪಾ? ದಾರಿ ಗೊತ್ತಿದ್ದಿಲ್ಲೇನು?”

ನಾವಿಬ್ಬರೂ ತಟ್ಟೆ ನೋಡಿದೆವು. ಮಿಲಿಂದ ನಗು ತಡೆದುಕೊಂಡು, ಸಂಗಮೇಶನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ.