ನಿಮ್ಮ ಹಸಿರು

ಚಳ್ಳಕೆರೆಯಲ್ಲಿ ಅಬ್ಬಾ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟಿದ್ದಾರೆ. ಆಗಸ್ಟ್ ಹದಿನೈದಕ್ಕೆ ನಮ್ಮ ಸಾಲಿನ ಅಂಗಡಿಗಳಲ್ಲೆಲ್ಲ ದೊಡ್ಡ ಬಾವುಟ ನಮ್ಮದೇ. ಅದನ್ನು ನೋಡಿದಾಗಲೆಲ್ಲ ನನಗೆ ಮುಜುಗರ. ಅಷ್ಟು ದೊಡ್ಡದು ಏಕೆಂದು ಅಬ್ಬಾ ಹೇಳಿಲ್ಲ, ನಾನು ಕೇಳಿಲ್ಲ. ಇಬ್ಬರಿಗೂ ಗೊತ್ತು.

ಈ ವರ್ಷ ಅಬ್ಬಾ, "ಇತಿಹಾಸ ಓದಿದ್ದೀಯಲ್ಲ, ಬಾವುಟದ ಬಗ್ಗೆ ನಾಲ್ಕು ಮಾತು ಹೇಳು" ಎಂದರು. ಮನೆಯಲ್ಲಿ ನಾವಾಡುವುದು ಉರ್ದು. ಭಾಷಣವನ್ನು ಕನ್ನಡದಲ್ಲಿ ಸಿದ್ಧಮಾಡಿಕೊಂಡೆ.

ಹೋರಾಟದ ದಿನಗಳಲ್ಲಿ ಬಾವುಟದ ನಡುವೆ ರಾಟೆ ಇತ್ತು, ಸ್ವಾತಂತ್ರ್ಯ ಬರುವ ಹೊತ್ತಿಗೆ ಅಲ್ಲಿ ಅಶೋಕಚಕ್ರ ಬಂತು ಎಂದೆ. ಅದೇ ಅಶೋಕನ ಶಾಸನ ನಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೂ ಇದೆ. ಹಿರಿಯರಿಗೆ ವಿಧೇಯರಾಗಿರಬೇಕು, ಸತ್ಯ ನುಡಿಯಬೇಕು ಎಂದು ಕೊರೆಸಿದ್ದಾನೆ ಎಂದೆ. ಕೇಸರಿ ಧೈರ್ಯಕ್ಕೆ, ಬಿಳಿ ಸತ್ಯಕ್ಕೆ, ಹಸಿರು ನೆಲದ ಬೆಳೆಗೆ. ಮೊದಮೊದಲು ಬಾವುಟದ ಬಣ್ಣಗಳನ್ನು ಮತಗಳಿಗೆ ಹಂಚಿದ್ದರು, ಸ್ವಾತಂತ್ರ್ಯಕ್ಕೂ ಮುಂಚೆಯೇ ಆ ಅರ್ಥ ಬೇಡವೆಂದು ತೀರ್ಮಾನಿಸಿದರು ಎಂಬ ಮಾತೂ ನನ್ನಲ್ಲಿತ್ತು. ಎದುರಿಗಿದ್ದ ಮುಖಗಳನ್ನು ನೋಡಿ ಅದನ್ನು ನುಂಗಿಕೊಂಡೆ.

ಚಪ್ಪಾಳೆಯಾಯಿತು, ಲಾಡು ಹಂಚಿದರು. ಎದುರು ಸಾಲಿನ ಶೇಂಗಾ ವ್ಯಾಪಾರಿ ಹತ್ತಿರ ಬಂದರು. ಚಿಕ್ಕವಳಿದ್ದಾಗ ನನ್ನ ಮುಷ್ಟಿಗೆ ಹುರಿದ ಶೇಂಗಾ ತುಂಬುತ್ತಿದ್ದವರು.

"ಚೆನ್ನಾಗಿ ಮಾತಾಡ್ದೆ ಕಣವ್ವ. ಒಂದು ಮಾತ್ರ ಬಿಟ್ಬಿಟ್ಟೆ ನೋಡು. ಕೇಸರಿ ನಮ್ದು, ಹಸಿರು ನಿಮ್ದು, ಬಿಳಿ ಮಿಕ್ಕೋರ್ದು. ನಿಮಗೂ ಒಂದು ಪಟ್ಟಿ ಐತಲ್ಲ, ಅದನ್ನ ಹೇಳ್ಬೇಕಿತ್ತು."

ಪಕ್ಕದ ಬೇಕರಿಯವರು ಅವರ ಬಿಳಿ ಅಂಗಿ ಪಂಚೆ ನೋಡಿ, "ಹಂಗಾದ್ರೆ ಇವತ್ತು ನೀವೇ ಮಿಕ್ಕೋರು ಬಿಡ್ರಿ ಯಜಮಾನ್ರೇ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಜಮಾನರು ಮಾತ್ರ ನನ್ನನ್ನೇ ನೋಡುತ್ತಿದ್ದರು.

"ನಾನು ಹೇಳಿದ್ದು ಸರಿ ತಾನೇ?"

"ಹೌದ್ರಿ."

ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಇದ್ದಿದ್ದರೆ ಬಹುಶಃ ಉತ್ತರ ಕೊಡುತ್ತಿದ್ದೆ. ಪ್ರೀತಿಯಿಂದ ಒಂದು ಪಟ್ಟಿ ಕೊಟ್ಟರು. ಉಳಿದ ಎರಡನ್ನು ನಾನೇ ಬಿಟ್ಟುಕೊಟ್ಟೆ. ಬಂಡೆಯ ಮೇಲಿನ ಎರಡು ಮಾತುಗಳಲ್ಲಿ ಸುಲಭವಾದದ್ದನ್ನು ಪಾಲಿಸಿದ್ದೆ. ಅಬ್ಬಾ ಪಕ್ಕದಲ್ಲೇ ಲಾಡಿನ ತಟ್ಟೆ ಹಿಡಿದು ನಿಂತಿದ್ದರು. ಅವರ ಮುಖ ನೋಡಲಾಗಲಿಲ್ಲ.

ಸಂಜೆ ಬಾವುಟ ಇಳಿಸಿದೆವು. ಅಬ್ಬಾ ಸೋಪು ಹಚ್ಚಿ ಉಗುರಿನ ಸಂದಿಯ ಗ್ರೀಸನ್ನೆಲ್ಲ ತೊಳೆದುಕೊಂಡು ಬಂದರು. ಅವರೊಂದು ತುದಿ, ನಾನೊಂದು ತುದಿ ಹಿಡಿದೆವು.

"ಬೆಳಿಗ್ಗೆ ಯಾಕೆ ಹೌದು ಅಂದೆ?"

"ದೊಡ್ಡವರಲ್ವಾ."

ಅಬ್ಬಾ ಬಟ್ಟೆಯ ಸುಕ್ಕು ಸವರುತ್ತಾ ನಕ್ಕರು. "ನನಗೆ ಪ್ರತಿ ವರ್ಷ ಹೇಳ್ತಾರೆ. ನಾನೂ ಹೌದು ಅಂತೀನಿ."

ಕೇಸರಿಯನ್ನೂ ಹಸಿರನ್ನೂ ಬಿಳಿಯ ಕೆಳಗೆ ಮಡಚಿದೆವು. ಚಕ್ರ ಮೇಲೆ ಉಳಿಯಿತು.

"ಮುಂದಿನ ವರ್ಷ ಸ್ವಲ್ಪ ಚಿಕ್ಕದು ತರೋಣವಾ?" ಎಂದು ಅಬ್ಬಾ ಕೇಳಿದರು.

ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ. ಅವರ ಬಾಯಿಂದ ಕೇಳಿದಾಗ ತಲೆ ತಗ್ಗಿತು.

"ಬೇಡ ಅಬ್ಬಾ, ಇದೇ ಇರಲಿ" ಎಂದೆ. ಬೇಕರಿಯವರು ಇನ್ನೂ ಬಾಗಿಲು ಹಾಕಿರಲಿಲ್ಲ. ಅದನ್ನೂ ಅವರಿಗೆ ಕೇಳಿಸದಷ್ಟು ಮೆಲ್ಲಗೆ, ಉರ್ದುವಿನಲ್ಲೇ ಹೇಳಿದೆ.